ಹವಳ ಸತ್ರೆ ಲಕ್ಷದ್ವೀಪ ಎಲ್ಲಿ ಉಳಿಯುತ್ತೆ?

ನಮಸ್ಕಾರ. ಹಿಂದಿನ ವಿಡಿಯೋ ಕೆಳಗೆ ಒಬ್ರು ಬರ್ದಿದಾರೆ, "ಕಲ್ಲು ಸತ್ತಿದ್ದಕ್ಕೆ ಇಷ್ಟು ಗೋಳಾ ಗುರು, ಲಕ್ಷದ್ವೀಪ ಪ್ಯಾಕೇಜ್ ಎಷ್ಟು ಹೇಳು". ಅದಕ್ಕೆ ರಾಶಿ ಲೈಕ್ ಬೇರೆ!

ಹವಳ ಕಲ್ಲಲ್ಲ ಸ್ವಾಮಿ, ಪ್ರಾಣಿ. ಅಕ್ಕಿಕಾಳಿನಷ್ಟು ಸಣ್ಣ ಪಾಲಿಪ್, ಅದರ ಮೈಯೊಳಗೆ ಪಾಚಿ, ಆ ಪಾಚಿ ಬಿಸಿಲಲ್ಲಿ ಆಹಾರ ತಯಾರಿಸಿ ಇದಕ್ಕೂ ಕೊಡುತ್ತೆ, ಆ ಬಲದಲ್ಲಿ ಇದು ಸುಣ್ಣದ ಗೂಡು ಕಟ್ತಾನೇ ಹೋಗುತ್ತೆ. ಲಕ್ಷದ್ವೀಪದ ಕವರತ್ತಿ, ಅಗತ್ತಿ, ಕಡಮತ್ ಎಲ್ಲಾ ಹಂಗೇ ಆಗಿದ್ದು. ಅಡಿಯಲ್ಲಿ ಮುಳುಗಿದ ಹಳೇ ಜ್ವಾಲಾಮುಖಿ ಬೆಟ್ಟ, ಮೇಲೆ ಪೂರ್ತಿ ಹವಳ. ನೀವು ರೀಲ್ಸ್ ಮಾಡೋ ಆ ಬಿಳಿ ಮರಳು ಕೂಡ ಹವಳದ ಪುಡಿ, ಗಿಳಿಮೀನು ಕಡಿದು ಅರೆದು ಹೊರಗೆ ಹಾಕಿದ್ದೂ ಅದ್ರಲ್ಲಿ ಸೇರಿದೆ. ದ್ವೀಪ ಅಂದ್ರೇನೆ ಹವಳ!

"ಟೆಟ್ರಾಪಾಡ್ ಹಾಕಿದ್ರಾಯ್ತು" ಅನ್ನೋರು ಕೇಳಿ, ಅದೇ ಅಲೆ ತಡೆಯೋಕೆ ದಡದಲ್ಲಿ ಹಾಕೋ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿ. ಕಾಂಕ್ರೀಟು ಹಾಕಿದ ದಿನದಿಂದ ಸವೆಯುತ್ತೆ, ಜೀವ ಇರೋ ಹವಳದ ದಿಬ್ಬ ಮುರಿದ್ರೂ ಮತ್ತೆ ಬೆಳೆಯುತ್ತೆ. 2014ರ ಒಂದು ಅಧ್ಯಯನದ ಪ್ರಕಾರ ಹವಳದ ದಿಬ್ಬ ಅಲೆಯ ಶಕ್ತೀನ ಸರಾಸರಿ ಶೇ. 97ರಷ್ಟು ತಡೆಯುತ್ತೆ. ಅಲ್ಲಿ ನೆಲ ಇರೋದೇ ಸಮುದ್ರದಿಂದ ಒಂದೆರಡು ಮೀಟರ್ ಎತ್ತರ, ಆ ಗೋಡೆ ಹೋದ್ರೆ ಜನ ಎಲ್ಲಿ ನಿಲ್ಬೇಕು? ಮಿನಿಕಾಯ್‌ನವರು ಗಾಳ ಹಾಕಿ ಟ್ಯೂನಾ ಹಿಡೀತಾರಲ್ಲ, ಅದಕ್ಕೆ ಬೇಕಾದ ಜೀವಂತ ಸಣ್ಣ ಮೀನು ಸಿಗೋದು ಈ ದಿಬ್ಬದೊಳಗಿನ ಲಗೂನಲ್ಲೇ, ಅಂದ್ರೆ ಆಳವಿಲ್ಲದ ಶಾಂತ ನೀರಲ್ಲೇ. ಊಟಾನೂ ಹವಳದ್ದೇ!

"ಬ್ಲೀಚಿಂಗ್ ಆದ್ರೆ ಮತ್ತೆ ಸರಿಹೋಗುತ್ತೆ" ಅಂತ ಇನ್ನೊಬ್ರು. ನೀರು ಕಾದ್ರೆ ಪ್ರಾಣಿ ಪಾಚೀನ ಹೊರಹಾಕಿ ಬೆಳ್ಳಗಾಗುತ್ತೆ, ಬೇಗ ತಣ್ಣಗಾಗ್ಲಿಲ್ಲ ಅಂದ್ರೆ ಹಸಿದು ಸಾಯುತ್ತೆ. ಲಕ್ಷದ್ವೀಪದಲ್ಲಿ ಹಿಂಗಾಗಿದ್ದು 1998, 2010, 2016, ಆಮೇಲೆ 2024. ಗುಂಡು ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯೋದು, ಯಾವಾಗ ಸರಿಹೋಗ್ಬೇಕು ಹೇಳಿ?

"ನಮಗೇನು" ಅಂತಾನೂ ಕೇಳ್ತೀರಿ. ಅಮಿನಿ, ಕಡಮತ್, ಕಿಲ್ತಾನ್ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ವು ಕಣ್ರೀ! ಇವತ್ತೂ ಮಂಗಳೂರು ಹಳೇ ಬಂದರಿಂದ ಅಲ್ಲಿಗೆ ಸಾಮಾನು ಹೋಗುತ್ತೆ. ಮುರುಡೇಶ್ವರದ ಎದುರಿಗೆ ನೇತ್ರಾಣೀಲೂ ಹವಳ ಇದೆ, ಮುಂದಿನ ಎಪಿಸೋಡ್ ಅದರ ಬಗ್ಗೇನೇ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಮನೇಲಿರೋರ್ ಫೋನಲ್ಲೂ ಒತ್ತಿ.

ಮತ್ತೆ ಹೇಳ್ತೀನಿ, ನೂರು ಸಲ ಹೇಳ್ತೀನಿ, ದ್ವೀಪ ಅಂದ್ರೇನೆ ಹವಳ. ಸ್ಕೂಬಾಗೆ ಹೋಗೋರೇ, ಅದರ ಮೇಲೆ ಕಾಲಿಡ್ಬೇಡಿ. ಫೋಟೋಗೂ ಬೇಡ, ಒಂದ್ನಿಮಿಷಕ್ಕೂ ಬೇಡ, ಬೇಡ ಅಂದ್ರೆ ಬೇಡ!