ರೂಪಿಸುವುದು, ಕಡೆಯುವುದು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮೂರಿನ ಹಳ್ಳಕ್ಕೆ ಒಂದು ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಬೇಕೆಂದು ಅರ್ಜಿ ಕೊಟ್ಟಿದ್ದೆವು. ಎರಡು ಮಳೆಗಾಲ ಕಳೆದ ಮೇಲೆ ಉತ್ತರ ಬಂತು. ಒಂದೇ ಸಾಲು: ‘ಸದರಿ ಕಾಮಗಾರಿಗೆ ಯೋಜನೆ ರೂಪಿಸಲಾಗಿದೆ.’ ಪಕ್ಕದ ಮನೆಯ ಅಜ್ಜಿಗೆ ಓದಿ ಹೇಳಿದೆ. ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ ಕೇಳಿದರು: “ರೂಪಿಸಿದ್ದಾರಂತಾ? ಹಂಗಾದ್ರೆ ಎಲ್ಲಿದೆಯೋ ತಮ್ಮಾ ಅದು?”

ಅವತ್ತಿನಿಂದ ಈ ಕ್ರಿಯಾಪದ ನನ್ನ ಬೆನ್ನು ಬಿಟ್ಟಿಲ್ಲ.

ಅದರ ಹುಟ್ಟು ಸರಳ. ಸಂಸ್ಕೃತದ ‘ರೂಪ’ಕ್ಕೆ ನಮ್ಮ ‘ಇಸು’ ಹಚ್ಚಿದರೆ ರೂಪಿಸು. ಭಾವಕ್ಕೆ ಹಚ್ಚಿ ಭಾವಿಸು ಮಾಡಿಕೊಂಡ ಹಾಗೆ. ಮನಸ್ಸಿನಲ್ಲಷ್ಟೇ ಇದ್ದದ್ದಕ್ಕೆ ಆಕಾರ ಕೊಡುವುದು ಎಂದರ್ಥ. ನೀತಿ ರೂಪಿಸುತ್ತೇವೆ, ಪಠ್ಯಕ್ರಮ ರೂಪಿಸುತ್ತೇವೆ. ದೋಸೆ ರೂಪಿಸುವುದಿಲ್ಲ, ಕೊಟ್ಟಿಗೆ ರೂಪಿಸುವುದಿಲ್ಲ. ಕೈಗೆ ಹಿಟ್ಟೋ ಮಣ್ಣೋ ಮೆತ್ತುವ ಕೆಲಸಕ್ಕೆ ಈ ಪದ ಕಾಲಿಡುವುದೇ ಇಲ್ಲ. ಇದರ ತಂಗಿ ‘ರೂಪುಗೊಳ್ಳು’. ಅದು ತಾನಾಗಿ ಆಕಾರಕ್ಕೆ ಬರುವುದು. ಮಕ್ಕಳ ಸ್ವಭಾವ ರೂಪುಗೊಳ್ಳುತ್ತದೆ. ‘ಅವನನ್ನು ರೂಪಿಸಿದ್ದೇ ನಾನು’ ಎನ್ನುವ ಮೇಷ್ಟರು ಸಿಕ್ಕರೆ ಸ್ವಲ್ಪ ದೂರ ಇರುವುದು ಒಳ್ಳೆಯದು. ಇನ್ನೊಂದು ನೆಂಟ ‘ನಿರೂಪಿಸು’. ಹಳೆಯ ಕಾಲದಲ್ಲಿ ನಿರೂಪ ಎಂದರೆ ಅರಸನ ಅಪ್ಪಣೆ. ಈಗ ನನ್ನ ಹೆಸರು ಹೇಳಿ ನಿಮಗೆ ಪರಿಚಯಿಸಿದ ನಿರೂಪಕಿಯವರು ಅಪ್ಪಣೆಯನ್ನೇನೂ ಮಾಡಲಿಲ್ಲ, ಪಾಪ. ಹನ್ನೆರಡು ನಿಮಿಷ ಮೀರಬೇಡಿ ಎಂದರು, ಅಷ್ಟೆ.

ಪದದ್ದು ತಪ್ಪಿಲ್ಲ. ‘ರೂಪಿಸಿದರು’ ಎಂದರೆ ಯಾರು ಎಂದು ಕೇಳಬಹುದು. ‘ರೂಪಿಸಲಾಗಿದೆ’ ಎಂದಾಗ ಕೇಳುವುದು ಯಾರನ್ನು?

ಅಜ್ಜಿಯ ಬಾಯಲ್ಲಿ ಇದಕ್ಕೆ ಬೇರೆ ಮಾತುಗಳಿವೆ. ನನಗೆ ತೀರಾ ಇಷ್ಟವಾದದ್ದು ‘ಕಡೆ’. ದಿಕ್ಕು ಎನ್ನುವ ಕಡೆ ಅಲ್ಲ, ಕೊನೆ ಎನ್ನುವ ಕಡೆಯೂ ಅಲ್ಲ. ಮೊಸರು ಕಡೆಯುವ ಕಡೆ. ಚಿಕ್ಕಂದಿನಲ್ಲಿ ಬೆಳಗಿನ ಜಾವ ಅಮ್ಮ ಕಡಗೋಲನ್ನು ಕಂಬಕ್ಕೆ ಸಿಕ್ಕಿಸಿ, ಹಗ್ಗ ಸುತ್ತಿ ಕೂರುತ್ತಿದ್ದಳು. ಬಲಗೈ ಎಳೆದರೆ ಎಡಗೈ ಬಿಡಬೇಕು, ಎಡಗೈ ಎಳೆದರೆ ಬಲಗೈ. ಮೊದಮೊದಲು ಸದ್ದು ದಪ್ಪ, ಮಂದ. ಹೊದಿಕೆಯೊಳಗೆ ಅದನ್ನು ಕೇಳುತ್ತಲೇ ಮತ್ತೆ ನಿದ್ದೆ ಹತ್ತುತ್ತಿತ್ತು. ಚಳಿಗಾಲದಲ್ಲಿ ಬೆಣ್ಣೆ ಬೇಗ ಏಳುತ್ತಿರಲಿಲ್ಲ. ಒಂದು ಚೊಂಬು ಉಗುರುಬೆಚ್ಚಗಿನ ನೀರು ಬೀಳುತ್ತಿತ್ತು. ಒಂದು ಹೊತ್ತಿನಲ್ಲಿ ಸದ್ದು ತೆಳುವಾಗಿ, ನೀರು ಕುಲುಕಿದ ಹಾಗಾಗುತ್ತಿತ್ತು. ಅಮ್ಮ ಬಗ್ಗಿ ನೋಡುತ್ತಿರಲಿಲ್ಲ, ಕಿವಿಯಲ್ಲೇ ತಿಳಿಯುತ್ತಿತ್ತು. ಕಡಗೋಲೆತ್ತಿದರೆ ಅದರ ಎಸಳಿಗೆ ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟು ಬೆಣ್ಣೆ.

ಇದೇ ಕ್ರಿಯಾಪದ ಕಲ್ಲಿಗೂ ಮರಕ್ಕೂ ಹೋಗುತ್ತದೆ. ಮರವನ್ನು ತಿರುಗಿಸಿ ಉರುಟು ಮಾಡುವ ಯಂತ್ರಕ್ಕೆ ಕಡಸಲು ಎಂದು ಹೆಸರು. ಹಳೆಯ ಕಡಸಲನ್ನು ತಿರುಗಿಸುತ್ತಿದ್ದದ್ದೂ ಹಗ್ಗ ಎಳೆದೇ. ಅಮ್ಮನ ಕೈಯ ಅದೇ ಎಳೆತ, ಅದೇ ಬಿಡುವು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದರೆ ಕೇದಾರೇಶ್ವರ ದೇವಸ್ಥಾನದ ಮಂಟಪದಲ್ಲಿ ಕಂಬಗಳನ್ನು ನೋಡಿ. ಬಳೆ ತೊಡಿಸಿದಂತೆ ಸುತ್ತ ಗೆರೆ, ಕೈ ಇಟ್ಟರೆ ಜಾರುವ ನುಣುಪು. ಅವು ಕಡೆದ ಕಂಬಗಳು. ರೂಪಿಸಿದ ಕಂಬ ಎಂದು ನೋಡಿ, ನಾಲಿಗೆಯೇ ಒಪ್ಪುವುದಿಲ್ಲ.

ಎಲ್ಲ ದೇಸಿ ಮಾತುಗಳಿಗೂ ಇಷ್ಟೇ ಮರ್ಯಾದೆ ಇದೆ ಎಂದುಕೊಳ್ಳಬೇಡಿ. ಬತ್ತಿ ಹೊಸೆಯುವುದು ಗೌರವದ ಕೆಲಸ, ಕವನ ಹೊಸೆಯುತ್ತಾನೆ ಎಂದರೆ ಗೇಲಿ. ಹಾಡು ಕಟ್ಟಿದವನಿಗೆ ಊರು ತಲೆಬಾಗುತ್ತದೆ. ಕತೆ ಕಟ್ಟಿದವನಿಗೆ ಸುಳ್ಳ ಎನ್ನುತ್ತದೆ. ಸಾಗರದ ಗುಡಿಗಾರರು ಗಂಧದ ಕೊರಡಿಗೆ ಉಳಿ ಹಿಡಿದಾಗ ಕೆತ್ತುತ್ತಾರೆ, ಸೊರಬದ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚದಲ್ಲಿ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಪ್ರತಿ ಮಾತಿನ ಕೈಯಲ್ಲೂ ಒಂದು ಹತಾರವಿದೆ. ರೂಪಿಸು ಮಾತ್ರ ಬರಿಗೈ.

ಹಾಗೆಂದು ಅದನ್ನು ಬಿಟ್ಟುಬಿಡಿ ಎನ್ನಲಾರೆ. ಕೆಳದಿಯ ಶಿವಪ್ಪ ನಾಯಕ 1645ರಿಂದ 1660ರವರೆಗೆ ಈ ಸೀಮೆ ಆಳಿದವನು. ಮಣ್ಣಿನ ಗುಣ ನೋಡಿ ಜಮೀನು ವಿಂಗಡಿಸಿ, ಇಂಥದ್ದಕ್ಕೆ ಇಷ್ಟು ಎಂದು ಕಂದಾಯ ಗೊತ್ತು ಮಾಡಿದ. ಅದೇ ಶಿವಪ್ಪ ನಾಯಕನ ಶಿಸ್ತು. ಇದಕ್ಕೆ ಕಡೆ, ಕೆತ್ತು, ಹೊಸೆ ಯಾವುದೂ ಹೊಂದುವುದಿಲ್ಲ. ‘ರೂಪಿಸಿದ’ ಎಂದೇ ಹೇಳಬೇಕು, ಧಾರಾಳವಾಗಿ ಹೇಳಬಹುದು. ಮಾಡಿದವನ ಹೆಸರಿದೆ, ಅಳೆದ ಗದ್ದೆಯಿದೆ.

ನಮ್ಮ ಹಳ್ಳದ ವಿಷಯ ಅರ್ಧಕ್ಕೇ ಬಿಟ್ಟೆ. ಈ ಸಲ ಮಳೆ ಹಿಡಿಯುವ ಮುಂಚೆ ನಾವೇ ಸಂಕ ಹಾಕಿದೆವು. ಹೌದು, ನಮ್ಮಲ್ಲಿ ಸಂಕವನ್ನು ಹಾಕುವುದು. ತಲೆ ಮುರಿದು ನಿಂತಿದ್ದ ಮೂರು ಅಡಿಕೆ ಮರ ಕಡಿದು ಅಡ್ಡ ಮಲಗಿಸಿ ಹಗ್ಗ ಬಿಗಿದು, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ ಕಟ್ಟಿದೆವು. ಅಜ್ಜಿ ಬಂದು, ಒಂದು ಕಾಲಿಟ್ಟು ತುಳಿದು ನೋಡಿದರು. “ಎಡಗಡೆ ಮರ ಉರುಳ್ತದೆ. ಒಂದು ಆಪು ಕೊಡ್ರೋ.” ಹುಡುಗರು ಕಲ್ಲು ಹುಡುಕಲು ಹಳ್ಳಕ್ಕಿಳಿದರು.

ನಮಸ್ಕಾರ.