ಅಜ್ಜಿ, ಎರಡು ಮದ್ದು, ಒಂದು ಸಾಲು ಇರುವೆ

ಮಡಿಕೇರಿಯ ಮಳೆ ಕಾಣಿಸುತ್ತಿದೆಯಲ್ಲ? ನಾಲ್ಕು ದಿನದಿಂದ ನಮ್ಮ ಮನೆಯಲ್ಲಿ ಬಟ್ಟೆ ಒಣಗಿಲ್ಲ, ಅಜ್ಜಿಯ ಹೊಟ್ಟೆ ಕದಲಿಲ್ಲ. ಎರಡಕ್ಕೂ ಕಕ್ಕಡ, ಅಂದರೆ ನಮ್ಮ ಕೊಡಗಿನ ಮಳೆಗಾಲದ ತಿಂಗಳೇ ಕಾರಣ ಎನ್ನುತ್ತಾರೆ ಅಜ್ಜಿ. ಸುಳ್ಳು. ಮಳೆಯಲ್ಲಿ ಅಂಗಳ ದಾಟಿ ಬಚ್ಚಲಿಗೆ ಹೋಗಬೇಕಲ್ಲ ಎಂದು ಅವರು ನೀರನ್ನೇ ಕುಡಿಯುವುದಿಲ್ಲ.

ಈಗ ನನ್ನ ಬ್ಯಾಗಿನ ಒಳಗೆ ನೋಡಿ. ಡಾಕ್ಟರಿಗೆ ತೋರಿಸೋಣವೆಂದು ಅಜ್ಜಿಯ ಮಲಬದ್ಧತೆಯ ಮದ್ದು, ಲ್ಯಾಕ್ಟುಲೋಸ್ ಸಿರಪ್ಪಿನ ಬಾಟಲಿ ಒಯ್ದಿದ್ದೆ. 240 ರೂಪಾಯಿಯದು. ಮುಚ್ಚಳ ಅರ್ಧ ತಿರುಗಿಸಿದ್ದೆ ಎಂದು ಕಾಣುತ್ತದೆ, ತಿರುವುಗಳಲ್ಲಿ ಬಸ್ಸು ಓಲಾಡಿದಾಗ ಅರ್ಧ ಬಾಟಲಿ ಒಳಗೇ ಸುರಿದುಹೋಗಿದೆ. ಕೊಡೆ, ಪರ್ಸು, ಅಜ್ಜಿಯ ರಕ್ತಪರೀಕ್ಷೆಯ ಚೀಟಿ, ಎಲ್ಲವೂ ಅಂಟು ಅಂಟು. ತೊಳೆದು ಒಲೆಯ ಪಕ್ಕ ನೇತುಹಾಕಿದೆ. ಬೆಳಗ್ಗೆ ನೋಡಿದರೆ ಕಿಟಕಿಯಿಂದ ಬ್ಯಾಗಿನ ಜಿಪ್ಪಿನವರೆಗೆ ಇರುವೆಗಳ ಮೆರವಣಿಗೆ! ಲ್ಯಾಕ್ಟುಲೋಸ್ ಕೂಡ ಒಂದು ಬಗೆಯ ಸಕ್ಕರೆಯೇ ತಾನೆ. ನಮ್ಮ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ, ಅದು ಅಲ್ಲೇ ನೀರು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತದೆ. ಬ್ಯಾಕ್ಟೀರಿಯಾ ಅದನ್ನು ಹುಳಿಸುವಾಗ ಗ್ಯಾಸ್ ಆಗುತ್ತದೆ. ಕೆಲಸ ಮಾಡಲು ಒಂದೆರಡು ದಿನ ಬೇಕು.

ಆ ಎರಡು ದಿನ ಕಾಯುವುದೇ ಕಷ್ಟ. ಪಕ್ಕದ ತೋಟದ ಮಾವ, "ಜೊತೆಗೆ ಮಿಲ್ಕ್ ಆಫ್ ಮೆಗ್ನೀಷಿಯಾ ಕೊಡು, ಸಂಜೆಯೊಳಗೆ ಆಗುತ್ತದೆ" ಎಂದರು. ಅದು ಮೆಗ್ನೀಷಿಯಂ ಇರುವ, ಹೊಟ್ಟೆ ಸಡಿಲಿಸುವ ಬಿಳಿ ದ್ರವ. ನನಗೂ ಸರಿ ಎನಿಸಿತ್ತು. ಡಾಕ್ಟರು ಬೈದರು. ಎರಡೂ ಮೈಯ ನೀರನ್ನು ಕರುಳಿಗೆ ಎಳೆಯುವ ಮದ್ದುಗಳು. ಅಜ್ಜಿ ಬಿಪಿಗೆ ನುಂಗುವ ಮಾತ್ರೆಯೂ ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವಂಥದ್ದು. ಮೂರೂ ಸೇರಿದರೆ ಭೇದಿಯಾಗಿ ಸೋಡಿಯಂ, ಪೊಟ್ಯಾಸಿಯಂ ಏರುಪೇರಾಗಬಹುದು. ಮೇಲಾಗಿ ಅಜ್ಜಿಯ ಕಿಡ್ನಿ ಸೋತಿದೆ, ಮೆಗ್ನೀಷಿಯಂ ಹೊರಗೆ ಹೋಗದೆ ರಕ್ತದಲ್ಲಿ ನಿಂತರೆ ಮಂಪರು, ಹೃದಯ ಬಡಿತದ ತೊಂದರೆ. ಜೋಡಿಸಬೇಕಾದಾಗ ವೈದ್ಯರೇ ಅಳತೆ ಹೇಳಿ ಜೋಡಿಸುತ್ತಾರೆ. ಸಾಮಾನ್ಯವಾಗಿ ಮೊದಲು ಒಂದರ ಪ್ರಮಾಣ ಸರಿಪಡಿಸಿ, ಸಾಲದಿದ್ದರೆ ಬಿಸಾಕೋಡಿಲ್‌ನಂಥ, ಕರುಳನ್ನು ಚುರುಕಾಗಿಸುವ ಬೇರೆ ಜಾತಿಯದನ್ನು ಸೇರಿಸುತ್ತಾರಂತೆ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಯಾವ ಮದ್ದೂ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಅಜ್ಜಿ ಇದನ್ನೆಲ್ಲ ಕೇಳಿ, "ಕಕ್ಕಡದ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ, ಅದರಲ್ಲಿ ಹದಿನೆಂಟು ಮದ್ದಿನ ಗುಣವಂತೆ. ಹದಿನೆಂಟು ಒಟ್ಟಿಗೆ ಉಣ್ಣಬಹುದು, ನಿನ್ನ ಎರಡು ಸೇರಿಸಬಾರದೋ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪಾಯಸದ ಬಣ್ಣ ನೀವು ನೋಡಬೇಕು, ಕಡು ನೇರಳೆ. ಉಂಡ ಮೇಲೆ ಮೂತ್ರವೂ ಕೆಂಪಗೆ. ಮೊದಲ ಸಲ ನಾನು ಹೆದರಿ ಅತ್ತೇ ಬಿಟ್ಟಿದ್ದೆ, ಅಜ್ಜಿ ನಕ್ಕದ್ದು ಇನ್ನೂ ನೆನಪಿದೆ. ಅಯ್ಯೋ, ಹಾಲು ಉಕ್ಕುತ್ತಿದೆ!

ಈಗ ಡಾಕ್ಟರು ಸಿರಪ್ಪು ನಿಲ್ಲಿಸಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಬರೆದಿದ್ದಾರೆ, ಇದೂ ಕರುಳಿನಲ್ಲಿ ನೀರು ಹಿಡಿದಿಡುವ ಮದ್ದೇ. 17 ಗ್ರಾಂ, ಒಂದು ಲೋಟ ನೀರಿಗೆ. ಫಲ ಕಾಣಲು ಒಂದರಿಂದ ಮೂರು ದಿನ. ಸಿರಪ್ಪಿಗಿಂತ ಪುಡಿಯೇ ಮೇಲು, ಇರುವೆಯ ಕಾಟವಿಲ್ಲ ಎಂದುಕೊಂಡೆ. ಆದರೆ ಇಡೀ ಲೋಟ ನೀರು ಕುಡಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಸಿರಪ್ಪೇ ವಾಸಿಯಿತ್ತೋ ಏನೋ.

ಅಜ್ಜಿ ಕೊಡೆ ಕೇಳುತ್ತಿದ್ದಾರೆ. ಅಂದರೆ ಬಚ್ಚಲಿಗೆ! ಕ್ಯಾಮೆರಾ ಆರಿಸುತ್ತೇನೆ.