ಇಲ್ಲದ ತೋಟದಲ್ಲಿ ಅಡ್ಡಾಡುವ ಸುಖ

ಕೇಳುಗರೆಲ್ಲರಿಗೂ ನಮಸ್ಕಾರ.

ಚೀನಾದ ಬಗೆಗಿನ ಪುಸ್ತಕಗಳಿಗೆ ಈಗ ಬರವಿಲ್ಲ. ಗಡಿ, ಸೇನೆ, ಕಾರ್ಖಾನೆ, ವ್ಯಾಪಾರಗಳ ಲೆಕ್ಕ ಒಪ್ಪಿಸುವಂಥವೇ ಅವುಗಳಲ್ಲಿ ಹೆಚ್ಚು. ಅವೂ ಬೇಕು. ಆದರೆ ನಾನು ಇಂದು ಹೇಳಹೊರಟಿರುವುದು ನನ್ನ ಕೈಗೆಟುಕುವ ಕಡೆ ಸದಾ ಇರುವ ಒಂದು ಪ್ರಬಂಧ ಸಂಕಲನದ ಬಗ್ಗೆ. ಅದರಲ್ಲಿ ಡಾನ್ ಕ್ವಿಕ್ಸೋಟ್ ಇದ್ದಾನೆ, ಬಾಲ್ಜಾಕ್ ಇದ್ದಾನೆ, ಆರ್ವೆಲ್ ಇದ್ದಾನೆ. ಅದೇ ರಟ್ಟುಗಳ ನಡುವೆ ಕನ್‌ಫ್ಯೂಷಿಯಸ್ ಇದ್ದಾನೆ, ಚೀನೀ ಲಿಪಿಕಲೆ ಇದೆ, ಕಡಲಿನ ಮೇಲಿನ ಬರಹಗಳೂ ಇವೆ. ಬರೆದವರು ಸಿಮೋನ್ ಲೇಸ್. 2011ರಲ್ಲಿ ಇಂಗ್ಲಿಷಿನಲ್ಲಿ ಬಂದ ಈ ಸಂಕಲನವನ್ನು ಕನ್ನಡದಲ್ಲಿ ‘ನಿರುಪಯೋಗದ ಹಜಾರ’ ಎಂದು ಕರೆಯೋಣ.

ಸಿಮೋನ್ ಲೇಸ್ ಎಂಬುದು ಕಾವ್ಯನಾಮ. ನಿಜವಾದ ಹೆಸರು ಪಿಯೆರ್ ರಿಕ್ಮಾನ್ಸ್. 1935ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದ ಅವರು 1955ರಲ್ಲಿ ವಿದ್ಯಾರ್ಥಿಗಳ ತಂಡವೊಂದರ ಜೊತೆ ಚೀನಾಕ್ಕೆ ಹೋದರು. ಆಮೇಲೆ ಚೀನೀ ಭಾಷೆಯ ಬೆನ್ನುಹತ್ತಿ ತೈವಾನ್, ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿ ಕಲಿತರು, ಕಲಿಸಿದರು. 1970ರಿಂದ ಕೊನೆಯವರೆಗೂ ಅವರ ನೆಲೆ ಆಸ್ಟ್ರೇಲಿಯಾ. 2014ರಲ್ಲಿ ತೀರಿಕೊಂಡರು.

ಹಾಂಗ್‌ಕಾಂಗ್‌ನ ದಿನಗಳಲ್ಲಿ ಅವರು ಗೆಳೆಯರೊಂದಿಗೆ ನಿರಾಶ್ರಿತರ ಗುಡಿಸಲುಗಳ ನಡುವೆ ಬಿಡಾರ ಹೂಡಿದ್ದರು. ಗೆಳೆಯನೊಬ್ಬ ಚೆಂದದ ಅಕ್ಷರಗಳಲ್ಲಿ ‘ನಿರುಪಯೋಗದ ಹಜಾರ’ ಎಂದು ಬರೆದು ಆ ಬಿಡಾರದ ಗೋಡೆಗೆ ತೂಗುಹಾಕಿದ. ಇದರ ಹಿಂದೆ ಇರುವವನು ಪ್ರಾಚೀನ ಚೀನಾದ ತಾವೋ ಪಂಥದ ದಾರ್ಶನಿಕ ಚುವಾಂಗ್ ತ್ಸು. ಅವನ ಕಥೆಯಲ್ಲಿ ಒಂದು ಮಹಾವೃಕ್ಷವಿದೆ. ದೋಣಿ ಕಟ್ಟಿದರೆ ಮುಳುಗುತ್ತದೆ, ಬಾಗಿಲು ಮಾಡಿದರೆ ಅಂಟು ಸುರಿಸುತ್ತದೆ, ಕಂಬ ಮಾಡಿದರೆ ಹುಳ ಹಿಡಿಯುತ್ತದೆ. ಬಡಗಿಗೆ ಬೇಡವಾದದ್ದರಿಂದಲೇ ಅದು ಅಷ್ಟು ಎತ್ತರಕ್ಕೆ ಬೆಳೆದು ನಿಂತಿದೆ. ಪರೀಕ್ಷೆ, ಹುದ್ದೆ, ಹಣ ಇವು ಯಾವುದಕ್ಕೂ ಒದಗದ ಓದಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆಯನ್ನು ನಾನು ಕಂಡಿಲ್ಲ.

ಸಂಕಲನದಲ್ಲಿ ನಾನು ಮತ್ತೆ ಮತ್ತೆ ಮರಳುವುದು, ಚೀನೀಯರು ತಮ್ಮ ಗತಕಾಲವನ್ನು ಕಾಣುವ ಬಗೆಯನ್ನು ಕುರಿತ ಪ್ರಬಂಧಕ್ಕೆ. ಲೇಸ್ ಅಲ್ಲಿ ಒಂದು ವಿಚಿತ್ರವನ್ನು ಎತ್ತಿಕೊಳ್ಳುತ್ತಾರೆ. ಅಷ್ಟು ಹಳೆಯ ನಾಗರಿಕತೆಯ ನಗರಗಳಲ್ಲಿ ಹಳೆಯ ಕಟ್ಟಡಗಳು ಅಷ್ಟಾಗಿ ಕಾಣುವುದಿಲ್ಲ. ಯುದ್ಧ, ಬೆಂಕಿ, ಕ್ರಾಂತಿಗಳು ಹಾಳುಮಾಡಿದ್ದು ಬಹಳ, ನಿಜ. ಆದರೆ ಅವರ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಮರದಲ್ಲಿ ಕಟ್ಟಿ, ಹಾಳಾದಾಗ ಮತ್ತೆ ಕಟ್ಟುವ ಆ ಜನ ಶಾಶ್ವತತೆಯನ್ನು ಕಲ್ಲಿಗೆ ಒಪ್ಪಿಸಲಿಲ್ಲ, ಅಕ್ಷರಕ್ಕೆ ಒಪ್ಪಿಸಿದರು ಎನ್ನುತ್ತಾರೆ. ಹಂಪಿಯ ಬಂಡೆಗಳ ನಡುವೆ, ಹಳೇಬೀಡಿನ ಗೋಡೆಗಳ ಮುಂದೆ ನಿಂತು ಇತಿಹಾಸವನ್ನು ಕೈಯಿಂದ ಮುಟ್ಟಿ ಬೆಳೆದ ನಮಗೆ ಇದು ತಕ್ಷಣ ಒಗ್ಗುವ ವಿಚಾರವಲ್ಲ. ನಾನಂತೂ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಯೋಚಿಸಿದ್ದೇನೆ.

ಅದೇ ಪ್ರಬಂಧದಲ್ಲಿ ಲಿಪಿಕಲೆಯ ಮಹಾಗುರು ವಾಂಗ್ ಶಿಝಿಯ ಕಥೆ ಬರುತ್ತದೆ. ಕ್ರಿ.ಶ. 353ರ ವಸಂತಕಾಲ. ಶಾವೊಶಿಂಗ್ ಬಳಿಯ ಆರ್ಕಿಡ್ ಮಂಟಪದಲ್ಲಿ ಕವಿಮಿತ್ರರು ಸೇರಿದ್ದಾರೆ. ಬಳುಕಿ ಹರಿಯುವ ತೊರೆಯಲ್ಲಿ ಮದ್ಯದ ಬಟ್ಟಲುಗಳನ್ನು ತೇಲಿಬಿಟ್ಟಿದ್ದಾರೆ. ಬಟ್ಟಲು ತನ್ನ ಮುಂದೆ ಬಂದು ನಿಂತಾಗ ಪದ್ಯ ಕಟ್ಟಲಾಗದವನು ಕುಡಿಯಬೇಕು. ಅಂದು ಹುಟ್ಟಿದ ಪದ್ಯಗಳಿಗೆ ವಾಂಗ್ ಒಂದು ಮುನ್ನುಡಿ ಬರೆದ. ಮುನ್ನೂರು ಚಿಲ್ಲರೆ ಅಕ್ಷರಗಳ ಬರಹ, ಅಷ್ಟೇ. ಅದರಲ್ಲಿ ಒಂದೇ ಅಕ್ಷರ ಇಪ್ಪತ್ತು ಸಲ ಬರುತ್ತದೆ, ಒಂದು ಸಲ ಬರೆದಂತೆ ಇನ್ನೊಂದು ಸಲ ಬರೆದಿಲ್ಲ. ಮರುದಿನ ಅಮಲಿಳಿದ ಮೇಲೆ ಅವನೇ ಮತ್ತೆ ಬರೆದು ನೋಡಿದರೂ ಹಿಂದಿನ ದಿನದ ಸೊಗಸು ಕೈಗೆ ಬರಲಿಲ್ಲವಂತೆ. ಮೂರು ಶತಮಾನಗಳಾಚೆ ಥಾಂಗ್ ವಂಶದ ಸಾಮ್ರಾಟ ತಾಯ್‌ಜುಂಗ್ ಈ ಹಾಳೆಗೆ ಮರುಳಾದ. ಅದು ಒಬ್ಬ ಸನ್ಯಾಸಿಯ ಬಳಿ ಇತ್ತು. ಅಧಿಕಾರಿಯೊಬ್ಬ ವೇಷ ಮರೆಸಿ ಹೋಗಿ, ಸ್ನೇಹ ಬೆಳೆಸಿ, ಅದನ್ನು ಲಪಟಾಯಿಸಿ ತಂದ. 649ರಲ್ಲಿ ಸಾಮ್ರಾಟ ಸತ್ತಾಗ ಹಾಳೆಯೂ ಅವನೊಂದಿಗೆ ಸಮಾಧಿ ಸೇರಿತು ಎಂದು ಪರಂಪರೆ ಹೇಳುತ್ತದೆ.

ಉಳಿದಿರುವುದು ನಕಲುಗಳು, ಕಲ್ಲಿನಲ್ಲಿ ಕೆತ್ತಿ ಅದರಿಂದ ತೆಗೆದ ಅಚ್ಚುಗಳು, ನಕಲಿನ ನಕಲುಗಳು. ಚೀನೀ ಲಿಪಿಕಲೆಯ ಪರಮ ಮಾದರಿ ಎನಿಸಿದ ಈ ಕೃತಿಯ ಮೂಲವನ್ನು ಮುಂದಿನ ತಲೆಮಾರುಗಳ ಯಾವ ಕಲಾವಿದನೂ ಕಾಣಲಿಲ್ಲ. ಕಣ್ಮರೆಯಾದದ್ದರಿಂದಲೇ ಅದರ ಪ್ರಭಾವ ಬೆಳೆಯುತ್ತ ಹೋಯಿತು ಎಂಬುದನ್ನು ಲೇಸ್ ಸಾವಧಾನವಾಗಿ ಬಿಡಿಸಿಡುತ್ತಾರೆ. ಪತ್ತೇದಾರಿ ಕಥೆಯ ಕುತೂಹಲ ಮತ್ತು ವಿದ್ವತ್ತಿನ ನಿಖರತೆ ಒಂದೇ ಪ್ಯಾರಾದಲ್ಲಿ ಹೀಗೆ ಕೂಡಿಬರುವುದು ಅಪರೂಪ.

ಇದೇ ಜಾಡಿನಲ್ಲಿ ಮಿಂಗ್ ಕಾಲದ ಲೇಖಕನೊಬ್ಬ ‘ಇಲ್ಲದ ತೋಟ’ವನ್ನು ವರ್ಣಿಸಿದ ಪ್ರಸಂಗವಿದೆ. ಹಿಂದಿನ ಪ್ರಸಿದ್ಧ ತೋಟಗಳೆಲ್ಲ ಹಾಳಾಗಿ ಬರಹದಲ್ಲಷ್ಟೇ ಉಳಿದಿವೆ. ಹಾಗಿರುವಾಗ ಮಣ್ಣು ಅಗೆಯುವ ಕಷ್ಟ ಏಕೆ, ನೇರವಾಗಿ ಬರಹದಲ್ಲೇ ತೋಟ ಮಾಡುತ್ತೇನೆ ಎಂದು ಅವನು ಹೊರಡುತ್ತಾನೆ. ಅವನ ತೋಟದೊಳಗೆ ನಾನೂ ಸುತ್ತಾಡಿ ಬಂದಿದ್ದೇನೆ ಎಂದೇ ನನಗೆ ಅನ್ನಿಸುತ್ತದೆ.

ಬಾನುಲಿಯಲ್ಲಿ ಮಾತನಾಡುತ್ತಿರುವುದರಿಂದ ಲೇಸ್ ಬೇರೊಂದೆಡೆ ಬರೆದ ಘಟನೆಯನ್ನೂ ಹೇಳಲೇಬೇಕು. ಅವರು ಕೆಫೆಯೊಂದರಲ್ಲಿ ಕುಳಿತಿದ್ದಾರೆ. ಮೂಲೆಯ ರೇಡಿಯೊ ಏನೇನೋ ಗದ್ದಲ ಕಾರುತ್ತಿದೆ, ಯಾರಿಗೂ ಅದರ ಪರಿವೆಯಿಲ್ಲ. ಇದ್ದಕ್ಕಿದ್ದಂತೆ ಮೊಟ್ಸಾರ್ಟನ ಕ್ಲಾರಿನೆಟ್ ಸಂಗೀತ ತೇಲಿಬರುತ್ತದೆ. ಕುಳಿತವರೆಲ್ಲ ಕಸಿವಿಸಿಗೊಂಡು ತಲೆ ಎತ್ತುತ್ತಾರೆ. ಒಬ್ಬ ಎದ್ದುಹೋಗಿ ಬೇರೆ ಕೇಂದ್ರಕ್ಕೆ ತಿರುಗಿಸುತ್ತಾನೆ. ಎಲ್ಲರಿಗೂ ಸಮಾಧಾನವಾಗುತ್ತದೆ. ಅಭಿರುಚಿ ಇಲ್ಲದವರಿಗೆ ಸೌಂದರ್ಯ ಕಾಣುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ಅವರಿಗೆ ಅದು ಚೆನ್ನಾಗಿಯೇ ಕಾಣುತ್ತದೆ, ಕಂಡದ್ದರಿಂದಲೇ ಅದನ್ನು ನಿಲ್ಲಿಸಲು ಏಳುತ್ತಾರೆ ಎಂಬುದು ಲೇಸ್ ತೀರ್ಮಾನ. ಕಠಿಣ ಮಾತು. ಆದರೆ ನನಗೆ ಅದು ಸುಳ್ಳೆನಿಸಿಲ್ಲ.

ಈ ಕಾಠಿಣ್ಯ ಅವರ ರಾಜಕೀಯ ಬರಹಗಳಲ್ಲೂ ಇದೆ. ಮಾವೋ ಚೀನಾದಲ್ಲಿ ಹೊತ್ತಿಸಿದ ಸಾಂಸ್ಕೃತಿಕ ಕ್ರಾಂತಿಯನ್ನು ಪ್ಯಾರಿಸ್ಸಿನ ಅನೇಕ ಬುದ್ಧಿಜೀವಿಗಳು ಕೊಂಡಾಡುತ್ತಿದ್ದಾಗ, ಹಾಂಗ್‌ಕಾಂಗ್‌ನಲ್ಲಿ ಚೀನೀ ಪತ್ರಿಕೆಗಳನ್ನು ಓದುತ್ತಿದ್ದ ಅವರು 1971ರಲ್ಲಿ ಆ ಭ್ರಮೆಯನ್ನು ಬಯಲಿಗೆಳೆದು ಬರೆದರು, ಬೈಗುಳ ತಿಂದರು. ಚೀನೀ ಕಾವ್ಯವನ್ನೂ ಚಿತ್ರವನ್ನೂ ಪ್ರೀತಿಸಿದವನಿಗೆ, ಅವನ್ನು ತುಳಿದವರ ಘೋಷಣೆಗಳು ಹೇಗೆ ಮಧುರವಾದಾವು? ಸರ್ವಾಧಿಕಾರದ ಕಟು ಟೀಕಾಕಾರ ಆರ್ವೆಲ್ ಬಗೆಗಿನ ಅವರ ಬರಹವನ್ನು ಇದರ ಜೊತೆಗಿಟ್ಟು ಓದಿದರೆ, ಬೇರೆ ಬೇರೆಯಂತೆ ಕಾಣುವ ಈ ಪ್ರಬಂಧಗಳು ಒಂದೇ ಮನಸ್ಸಿನಿಂದ ಬಂದವು ಎಂಬುದು ತಿಳಿಯುತ್ತದೆ.

ಇಂಥ ಪುಸ್ತಕವನ್ನು ಮೊದಲ ಪುಟದಿಂದಲೇ ಓದಬೇಕೆಂಬ ಕಟ್ಟಳೆ ಇಲ್ಲ. ಗತಕಾಲದ ಪ್ರಬಂಧದಿಂದ ಆರಂಭಿಸಿ. ಅಲ್ಲಿಂದ ಡಾನ್ ಕ್ವಿಕ್ಸೋಟ್ ಕಡೆಗೆ ಬೇಕಾದರೂ ಹೋಗಿ, ಲೇಸ್ ಅವರೇ ಇಂಗ್ಲಿಷಿಗೆ ತಂದಿರುವ ಕನ್‌ಫ್ಯೂಷಿಯಸ್‌ನ ಸೂಕ್ತಿಗಳ ಕಡೆಗೆ ಬೇಕಾದರೂ ಹೋಗಿ. ಕನ್ನಡದಲ್ಲೇ ಚೀನಾದ ಒಂದು ಹಳೆಯ ದನಿಯನ್ನು ಕೇಳಬೇಕೆನ್ನುವವರಿಗೆ ತಾವೋ ಪಂಥದ ಮೂಲಗ್ರಂಥ, ಅನಂತಮೂರ್ತಿಯವರು ಅನುವಾದಿಸಿದ ‘ದಾವ್ ದ ಜಿಂಗ್’ ಇದೆ. ಲೇಸ್ ಸಂಕಲನವನ್ನೂ ಇದನ್ನೂ ಒಟ್ಟೊಟ್ಟಿಗೆ ಓದಿ ನೋಡಿ.